ಅಜ್ಜಿ ದಾಟದ ಹಳಿ

ಆಫೀಸಿನಲ್ಲಿ ಎಲ್ಲರೂ ಅವಳನ್ನು ಚುಕ್ಕಿ ಮೇಡಂ ಅಂತಲೇ ಕರೆಯುತ್ತಿದ್ದರು. ಯಾರಾದರೂ ನಿಜವಾದ ಹೆಸರು ಹಿಡಿದು ಕರೆದರೆ ಅವಳೇ ಒಂದು ಗಳಿಗೆ ತಡೆದು ತಿರುಗುತ್ತಿದ್ದಳು. ಆರು ವರ್ಷದಿಂದ ಅವಳ ಕೆಲಸವೆಂದರೆ ಕಂಪ್ಯೂಟರಿನ ಪರದೆ ಮೇಲೆ ಒಂಬತ್ತು ಚುಕ್ಕಿಗಳನ್ನು ನೋಡುವುದು. ಒಂದೊಂದು ಚುಕ್ಕಿಯೂ ಒಂದೊಂದು ಹೆಣ್ಣು ಹುಲ್ಲೆ. ಕೊರಳಿಗೆ ಕಟ್ಟಿದ ಪಟ್ಟಿ ಮೂರು ಗಂಟೆಗೊಮ್ಮೆ ಅದು ಎಲ್ಲಿದೆ ಅಂತ ತಿಳಿಸುತ್ತಿತ್ತು. ಚಳಿ ಹತ್ತಿದಾಗ ಮುನ್ನೂರು ಹುಲ್ಲೆಗಳ ಹಿಂಡು ಎತ್ತರದ ಬಯಲಿನಿಂದ ತಗ್ಗಿನ ಹುಲ್ಲುಗಾವಲಿಗೆ ಇಳಿಯುತ್ತಿತ್ತು, ಬಿಸಿಲು ಬಲಿತಾಗ ವಾಪಸು ಏರುತ್ತಿತ್ತು. ನೂರ ಎಪ್ಪತ್ತು ಕಿಲೋಮೀಟರ್ ದಾರಿ. ಮುಂದೆ ನಡೆಯುತ್ತಿದ್ದದ್ದು ಯಾವಾಗಲೂ ನಾಲ್ಕನೇ ನಂಬರಿನದೇ. ಬಲಗಿವಿ ಹರಿದಿದ್ದ ಆ ಮುದಿ ಹುಲ್ಲೆಗೆ ಚುಕ್ಕಿ ಅಜ್ಜಿ ಅಂತ ಹೆಸರಿಟ್ಟಿದ್ದಳು.

ಆ ದಾರಿಗೆ ಅಡ್ಡಲಾಗಿ ಹೊಸ ರೈಲುಮಾರ್ಗ ಬಂತು. ಅದರ ಎಂಜಿನಿಯರುಗಳಲ್ಲಿ ಒಬ್ಬ ಅವಳ ಸ್ವಂತ ಅಣ್ಣ. ಒಂದೇ ಮನೆ, ಕೆಳಗೆ ಅಣ್ಣ ಅತ್ತಿಗೆ, ಮೇಲೆ ಇವಳು ಮತ್ತು ಅಮ್ಮ. ಮೂರು ವರ್ಷದ ಹಿಂದೆ ಊಟದ ಮೇಜಿನ ಮೇಲೆ ತಟ್ಟೆಗಳನ್ನು ಸರಿಸಿ, ನಕ್ಷೆ ಹಾಸಿ, ಹುಲ್ಲೆಗಳು ಹಾಯುವ ಜಾಗ ಇದೇ ಅಂತ ಅವಳು ಬೆರಳಿಟ್ಟು ತೋರಿಸಿದ್ದಳು. ಅಣ್ಣ ಮೀಟಿಂಗುಗಳಲ್ಲಿ ಗಂಟಲು ಹರಿದುಕೊಂಡ. ಕೊನೆಗೂ ಹಳಿಯ ಕೆಳಗೆ ಒಂದು ಅಗಲವಾದ ಸುರಂಗದಾರಿ ಮಂಜೂರಾಯಿತು. ಆದರೆ ಅವಳು ತೋರಿಸಿದ ಜಾಗದಲ್ಲಿ ನೆಲ ಕೆಸರು, ಅಡಿಪಾಯ ನಿಲ್ಲುವುದಿಲ್ಲ ಅಂದರು. ಸುರಂಗದ ಜಾಗ ಹನ್ನೊಂದು ಕಿಲೋಮೀಟರ್ ಪಶ್ಚಿಮಕ್ಕೆ ಹೋಯಿತು. ಉಳಿದ ಕಡೆಯೆಲ್ಲ ಹಳಿಯ ಎರಡೂ ಬದಿಗೆ ಆಳೆತ್ತರದ ತಂತಿಬೇಲಿ. ಒಪ್ಪಿಗೆ ಪತ್ರಕ್ಕೆ ವನ್ಯಜೀವಿ ತಜ್ಞೆಯಾಗಿ ಅವಳ ಸಹಿ ಬೇಕಿತ್ತು. ದಿನಕ್ಕೆ ಇಪ್ಪತ್ತು ಕಿಲೋಮೀಟರ್ ನಡೆಯುವ ಪ್ರಾಣಿಗೆ ಹನ್ನೊಂದು ಯಾವ ಮಹಾ ಅಂದುಕೊಂಡು ಅವಳು ಸಹಿ ಹಾಕಿದಳು.

ರೈಲು ಓಡಲು ಶುರುವಾದ ವರ್ಷ ಚಳಿ ಬೇಗ ಬಂತು. ಒಂಬತ್ತೂ ಚುಕ್ಕಿಗಳು ಹೊರಟವು. ಐದನೇ ದಿನ ಬೆಳಿಗ್ಗೆ ಬೇಲಿಯ ಹತ್ತಿರ ಬಂದು ನಿಂತವು. ಮಧ್ಯಾಹ್ನದ ಹೊತ್ತಿಗೆ ಪಶ್ಚಿಮಕ್ಕೆ ತಿರುಗಿದಾಗ ಅವಳು ಕುರ್ಚಿಯ ತುದಿಗೆ ಬಂದು ಕೂತಳು. ನಾಲ್ಕು ಕಿಲೋಮೀಟರ್, ಏಳು, ಒಂಬತ್ತು. ಸುರಂಗಕ್ಕೆ ಇನ್ನು ಎರಡೇ ಎರಡು ಕಿಲೋಮೀಟರ್ ಇದೆ ಅನ್ನುವಾಗ ಅಜ್ಜಿ ನಿಂತುಬಿಟ್ಟಿತು. ಮೂರು ಗಂಟೆ ಕಳೆದು ಮುಂದಿನ ಚುಕ್ಕಿ ಮೂಡಿದಾಗ ಅದು ಬಂದ ದಾರಿಯಲ್ಲೇ ಹಿಂದಕ್ಕೆ ಹೊರಟಿತ್ತು, ಹಿಂಡೂ ಅದರ ಬೆನ್ನಿಗೆ. ಹಳೆಯ ಜಾಗಕ್ಕೇ ಹೋಗಿ ಬೇಲಿಗೆ ಮುಖಮಾಡಿ ನಿಂತವು.

ಮಾರನೇ ದಿನವೂ ಅದೇ. ಮೂರನೇ ದಿನವೂ. ಪಕ್ಕದ ಮೇಜಿನ ಲೆಕ್ಕಿಗ ಬಂದು ಇಣುಕಿ, ನಿಮ್ಮ ಚುಕ್ಕಿಗಳು ವಾಕಿಂಗ್ ಶುರುಮಾಡಿವೆಯಲ್ಲ ಮೇಡಂ ಅಂತ ತಮಾಷೆ ಮಾಡಿದ. ಅವಳ ಮುಖ ನೋಡಿ ತನ್ನ ಮೇಜಿಗೆ ವಾಪಸು ಹೋದ.

ಹಿಂಡು ಬೇಲಿಗೆ ಬಂದ ಹತ್ತನೇ ದಿನಕ್ಕೆ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಆಫೀಸಿನ ಜೀಪು ಹತ್ತಿ ಹೊರಟಳು. ಡ್ರೈವರ್ ವಯಸ್ಸಾದವನು, ಹುಲ್ಲೆಗಳಿಗೆ ಪಟ್ಟಿ ಕಟ್ಟುವಾಗಲೆಲ್ಲ ಅವಳ ಜೊತೆಗಿದ್ದವನು. ಬೇಲಿಯ ಬುಡದಲ್ಲಿ ಹುಲ್ಲು ಸವೆದು, ನೆಲ ತುಳಿತಕ್ಕೆ ಸಿಕ್ಕಿ, ಒಂದು ರಸ್ತೆಯೇ ಆಗಿಹೋಗಿತ್ತು. ತಂತಿಯ ಆಚೆ ಹಸಿರು ಕಣ್ಣಿಗೆ ಕಾಣುತ್ತಿತ್ತು. ಹುಲ್ಲೆಗಳ ಪಕ್ಕೆಲುಬು ಎಣಿಸಬಹುದಿತ್ತು. ಅಜ್ಜಿ ಬೇಲಿಗೆ ಮೂತಿ ತಾಗಿಸಿ ನಿಂತಿತ್ತು.

ಜೀಪನ್ನು ಮೆಲ್ಲಗೆ ಹಿಂದಿನಿಂದ ಬಿಟ್ಟು ಹಿಂಡನ್ನು ಸುರಂಗದ ಕಡೆ ಸರಿಸೋಣ ಅಂದಳು. ಡ್ರೈವರಿಗೆ ಮನಸ್ಸಿರಲಿಲ್ಲ, ಆದರೂ ಗೇರು ಹಾಕಿದ. ಮೊದಲು ಎಲ್ಲ ಸರಿಯಾಗಿಯೇ ನಡೆಯಿತು. ಆಮೇಲೆ ಮರಿಯೊಂದು ಬೆದರಿ ಓಡಿತು, ಅದರ ಹಿಂದೆ ಹತ್ತು, ಇಪ್ಪತ್ತು. ಓಡಿದ್ದು ಪಶ್ಚಿಮಕ್ಕಲ್ಲ, ನೇರ ತಂತಿಗೆ. ಬೇಲಿ ಉದ್ದಕ್ಕೂ ಝಣ್ ಅಂದಿತು. ಡ್ರೈವರ್ ಅವಳು ಹೇಳುವ ಮೊದಲೇ ಎಂಜಿನ್ ಆರಿಸಿದ. ಒಂದು ಮರಿಯ ಮುಂಗಾಲು ಮುರಿದು ನೇತಾಡುತ್ತಿತ್ತು. ಹತ್ತಿರ ಹೋದರೆ ಮತ್ತೆ ಹಿಂಡು ತಂತಿಗೆ ಬೀಳುತ್ತದೆ, ಹೋಗದಿದ್ದರೆ ಅದು ಹಾಗೇ ಕುಂಟುತ್ತದೆ.

"ಹೋಗೋಣಮ್ಮ," ಅಂದ ಡ್ರೈವರ್. "ನಾವಿದ್ದಷ್ಟೂ ಅವಕ್ಕೆ ಕಷ್ಟ."

ಮನೆಗೆ ಬಂದವಳೇ ಅಣ್ಣನ ಮುಂದೆ ನಿಂತಳು. ಅತ್ತಿಗೆ ಅಡುಗೆಮನೆಯಿಂದ ಬಂದವಳು ಬಾಗಿಲಲ್ಲೇ ನಿಂತಳು.

"ಅಣ್ಣಾ, ಬೇಲಿ ಬಿಚ್ಚಿಸು. ಐವತ್ತು ಮೀಟರ್ ಸಾಕು. ಹಳೇ ಜಾಗದಲ್ಲಿ."

"ಬಿಚ್ಚಿದ್ರೆ ರೈಲು ನಿಲ್ಲಿಸ್ಬೇಕು ಕಣೇ. ಅದು ನನ್ನ ಕೈಲಿಲ್ಲ."

"ಮತ್ತೆ ಯಾರ ಕೈಲಿದೆ?"

ಅವನು ಮೂವರ ಹುದ್ದೆ ಹೇಳಿದ. ಆ ಮೂವರೂ ಇನ್ನೊಬ್ಬರನ್ನು ಕೇಳಬೇಕಂತೆ. ಆದರೂ ಅಣ್ಣ ಸುಮ್ಮನೆ ಕೂರಲಿಲ್ಲ. ಕಂಡಕಂಡವರ ಕಾಲು ಹಿಡಿದು, ಬೈಸಿಕೊಂಡು, ಒಂಬತ್ತು ದಿನದ ನಂತರ ಆದೇಶ ತಂದ. ಒಂದೇ ಒಂದು ದಿನ, ಬೆಳಿಗ್ಗೆ ಎಂಟರಿಂದ ಹತ್ತರವರೆಗೆ.

ಅಂದು ಕೆಲಸಗಾರರು ಎರಡೂ ಕಡೆಯ ತಂತಿ ಬಿಚ್ಚಿ ಸುತ್ತಿಟ್ಟು ದೂರ ಹೋದರು. ಅಣ್ಣ ತಂಗಿ ದಿಬ್ಬದ ಮೇಲೆ ಮಲಗಿ ದುರ್ಬೀನು ಹಿಡಿದರು. ಹಿಂಡು ಮುನ್ನೂರು ಮೀಟರ್ ದೂರದಲ್ಲಿತ್ತು. ತೆರೆದ ಜಾಗದ ತುಂಬ ಮನುಷ್ಯರ ವಾಸನೆ. ಒಂಬತ್ತು ಗಂಟೆಗೆ ಅಜ್ಜಿ ಐದಾರು ಹೆಜ್ಜೆ ಮುಂದೆ ಬಂತು. ಅಜ್ಜಿ ತಲೆಯೆತ್ತಿ ಗಾಳಿ ಮೂಸಿತು, ನಿಂತಿತು, ನಿಂತೇ ಇತ್ತು. ಬಾ, ಬಾರೇ ಅಂತ ಅವಳು ಬಾಯೊಳಗೇ ಕರೆದಳು. ಒಂಬತ್ತೂವರೆಗೆ ಅದು ಅಲ್ಲೇ ಮೊಣಕಾಲೂರಿ ಮಲಗಿಬಿಟ್ಟಿತು. ಇಪ್ಪತ್ತು ದಿನ ಬೇಲಿಯ ಉದ್ದಕ್ಕೂ ನಡೆದ ದೇಹ ಅದು.

ಹತ್ತಕ್ಕೆ ಐದು ನಿಮಿಷ ಇದ್ದಾಗ ಅಣ್ಣನ ಫೋನ್ ಬಡಿದುಕೊಂಡಿತು. ಅವನು ಅರ್ಧ ಗಂಟೆ ಕೊಡಿ ಅಂತ ಕೇಳಿದ, ಕಾಲು ಗಂಟೆ ಕೊಡಿ ಅಂತ ಕೇಳಿದ. ಆಮೇಲೆ ಸರಿ ಸಾರ್, ಸರಿ ಸಾರ್ ಅಂದು ಫೋನ್ ಇಟ್ಟ. ತಂಗಿಯ ಮುಖ ನೋಡದೆ ಎದ್ದು ಹೋಗಿ, ಕೆಲಸಗಾರರ ಜೊತೆ ತಾನೂ ಒಂದು ತುದಿ ಹಿಡಿದು ತಂತಿ ಎಳೆದು ಕಟ್ಟಿಸಿದ.

ಅಜ್ಜಿಯ ಚುಕ್ಕಿ ಆಮೇಲೆ ಜಾಗ ಬಿಡಲಿಲ್ಲ. ನಾಲ್ಕನೇ ದಿನ ಡ್ರೈವರ್ ಒಬ್ಬನೇ ಹೋಗಿ ಪಟ್ಟಿ ಬಿಚ್ಚಿಕೊಂಡು ಬಂದು ಅವಳ ಮೇಜಿನ ಮೇಲಿಟ್ಟ. ಉಳಿದ ಹಿಂಡು ಚದುರಿ ಮೇಲಿನ ಬಯಲಿಗೆ ವಾಪಸಾಯಿತು. ಅಲ್ಲಿ ಹುಲ್ಲಿನ ಮೇಲೆ ಹಿಮ ಕಟ್ಟಿತ್ತು. ಚಳಿ ಮುಗಿಯುವಾಗ ಮೂರು ಚುಕ್ಕಿಗಳು ಉಳಿದಿದ್ದವು. ಲೆಕ್ಕ ಹಾಕಲು ಹೋದವಳಿಗೆ ಸಿಕ್ಕಿದ್ದು ತೊಂಬತ್ತೆರಡು ಹುಲ್ಲೆ.

ಮುಂದಿನ ವರ್ಷ ಚಳಿ ಹತ್ತಿತು. ಮೂರೂ ಚುಕ್ಕಿಗಳು ಮೇಲಿನ ಬಯಲಲ್ಲೇ ಸುತ್ತಿದವು, ಇಳಿಯಲೇ ಇಲ್ಲ. ಆ ವಾರವೇ ಅಣ್ಣ ಒಂದು ಅರ್ಜಿ ಹಿಡಿದು ಮೇಲಕ್ಕೆ ಬಂದ. ಹುಲ್ಲೆಗಳು ದಾಟಲು ಹಳಿಯ ಮೇಲೆ ಮಣ್ಣಿನ ಸೇತುವೆಗೆ ಮೇಲಿನವರು ಒಪ್ಪಿದ್ದರು, ಹಳೆಯ ಜಾಗದಲ್ಲೇ. ಕೆಸರಿಗೂ ಏನೋ ಉಪಾಯ ಕಂಡುಕೊಂಡಿದ್ದರು. ಮುಗಿಯಲು ಎರಡು ವರ್ಷ ಬೇಕು. ಅಣ್ಣನ ಮುಖದಲ್ಲಿ ಬಹಳ ದಿನದ ಮೇಲೆ ಗೆಲುವಿತ್ತು.

"ನೀನೇ ತುಂಬಿಸ್ಬೇಕು ಇದನ್ನ," ಅಂದ.

ಅವಳು ಜಾಗ ಬರೆದಳು, ಅಗಲ ಬರೆದಳು. ವರ್ಷಕ್ಕೆ ಎಷ್ಟು ಪ್ರಾಣಿಗಳು ದಾಟಬಹುದು ಅನ್ನುವ ಸಾಲಿಗೆ ಬಂದು ಪೆನ್ನು ನಿಂತಿತು.

"ಬರಲ್ವಾ ಅವು?" ಅಣ್ಣ ಮೆಲ್ಲಗೆ ಕೇಳಿದ.

"ಗೊತ್ತಿಲ್ಲಣ್ಣ. ಮರಿಗಳಿಗೆ ದಾರಿ ತೋರಿಸ್ತಿದ್ದದ್ದು ಅಜ್ಜಿ. ಈಗಿರೋ ಮರಿಗಳು ಕೆಳಗಿನ ಹುಲ್ಲು ಕಂಡೇ ಇಲ್ಲ."

"ಏನಾದ್ರೂ ಒಂದು ಬರಿ. ಖಾಲಿ ಬಿಟ್ರೆ ವಾಪಸ್ ಕಳಿಸ್ತಾರೆ."

ಅವಳು ತೊಂಬತ್ತೆರಡು ಅಂತ ಬರೆದು, ಕೆಳಗೆ ಸಹಿ ಹಾಕಿ ಕಾಗದವನ್ನು ಅಣ್ಣನ ಕೈಗೆ ಕೊಟ್ಟಳು.