ಪಾಶಾನ ಕಾಲಗುಣ

ಸಚಿನ್ ಸೊಂಟ ಹಿಡಿದುಕೊಂಡು ಬಗ್ಗಿ ನಿಂತಾಗ ಹೈದರಾಬಾದಿನ ಸನತ್‌ನಗರದ ಆ ಪುಟ್ಟ ಮನೆಯಲ್ಲಿ ಕೂತಿದ್ದವರೆಲ್ಲ ಉಸಿರು ಬಿಗಿಹಿಡಿದರೇ ಹೊರತು ಯಾರೂ ಕದಲಲಿಲ್ಲ. ಕದಲುವಂತಿರಲಿಲ್ಲ. ಅದು ಸೂಗಪ್ಪ ಕಾಕಾನ ಕಾನೂನು. ಆಟ ಕುದುರಿದಾಗ ಯಾರು ಎಲ್ಲಿದ್ದರೋ ಅಲ್ಲೇ ಇರಬೇಕು, ಎದ್ದರೆ ವಿಕೆಟ್ ಬೀಳುತ್ತದೆ. ಈ ಕಾನೂನಿನ ದೆಸೆಯಿಂದ ಮನೆಯೊಡತಿ ಶಿವದೇವಿ ಸೌಟು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತವಳು ನಿಂತೇ ಇದ್ದಳು. ಒಲೆಯ ಮೇಲಿನ ಬೇಳೆ ತಳ ಹಿಡಿದ ವಾಸನೆ ಎಲ್ಲರ ಮೂಗಿಗೂ ಬಡಿದಿತ್ತು.

"ಏನ್ರಿ, ಬ್ಯಾಳಿ ಹೊತ್ತಾಕತ್ತೈತಿ," ಎಂದು ಅವಳು ಗಂಡನಿಗೆ ಮೆಲ್ಲಗೆ ಹೇಳಿದಳು.

"ಹೊತ್ತಲಿ. ನೀ ನಿಂತಲ್ಲೇ ನಿಲ್ಲು," ಎಂದ ವೈಜನಾಥ, ಟಿವಿಯಿಂದ ಕಣ್ಣು ಕೀಳದೆ.

ಪಾಕಿಸ್ತಾನದವರು ಎಷ್ಟೋ ವರ್ಷದ ಮೇಲೆ ಟೆಸ್ಟ್ ಆಡಲು ಬಂದಿದ್ದರು. ಚೆನ್ನೈಯಲ್ಲಿ ಪಂದ್ಯ, ನಾಲ್ಕನೆಯ ದಿನ, ಅದೂ ಭಾನುವಾರ. ಬಾಲಾನಗರದ ಫ್ಯಾಕ್ಟರಿಗೆ ರಜೆ. ಎದುರುಮನೆಯ ಯಾದಗಿರಿ, ವೆಲ್ಡಿಂಗ್ ಅಂಗಡಿ ಇಟ್ಟವನು, ತನ್ನ ನಾಲ್ಕಾರು ಗೆಳೆಯರನ್ನು ಕಟ್ಟಿಕೊಂಡು ಬೆಳಿಗ್ಗೆಯೇ ಬಂದು ಚಾಪೆ ಹಿಡಿದಿದ್ದ. ಇದ್ದ ಒಂದೇ ಕುರ್ಚಿಯಲ್ಲಿ ಸೂಗಪ್ಪ ಕಾಕಾ. ವೈಜನಾಥನ ಅಪ್ಪನ ತಮ್ಮ, ಖಜಾನೆ ಇಲಾಖೆಯಲ್ಲಿದ್ದು ನಿವೃತ್ತರಾದವರು. ಕಚೇರಿಯಲ್ಲಿ ಯಾರ ಮೇಲೂ ನಡೆಯದ ಅವರ ಹುಕುಂ ಕ್ರಿಕೆಟ್ ಇದ್ದ ದಿನ ಈ ಮನೆಯಲ್ಲಿ ಚೆನ್ನಾಗಿ ನಡೆಯುತ್ತಿತ್ತು. ನಡುವೆ ಒಂದು ವಿಕೆಟ್ ಬಿದ್ದಾಗ, ಸೀನಿದ ಒಬ್ಬ ಬಡಪಾಯಿಯ ಮೇಲೆ ಗೂಬೆ ಕೂರಿಸಿ ಅವನನ್ನು ಅಂಗಳಕ್ಕೆ ಅಟ್ಟಿದ್ದರು.

ಎಂದೂ ತಪ್ಪದವನೊಬ್ಬ ಮಾತ್ರ ಆ ದಿನ ಅಲ್ಲಿ ಇರಲಿಲ್ಲ. ಅವನೇ ಚಾಂದಪಾಶಾ.

ಚಾಂದಪಾಶಾ ವೈಜನಾಥನ ಫ್ಯಾಕ್ಟರಿಯಲ್ಲೇ ಫಿಟ್ಟರ್. ಅದೇ ಓಣಿಯ ಕೊನೆಯಲ್ಲಿ ಮನೆ. ಸಿಂಧನೂರಿನ ಕಡೆಯವನು. ತೆಲುಗು, ಹಿಂದಿಗಳ ನಡುವೆ ಕನ್ನಡ ಆಡುವವರು ಇಬ್ಬರೇ ಎಂದು ಅಂಟಿಕೊಂಡ ಸ್ನೇಹ ಹದಿನೈದು ವರ್ಷಗಳಿಂದ ಬಿಟ್ಟಿರಲಿಲ್ಲ. ಪಾಕಿಸ್ತಾನದ ಮ್ಯಾಚ್ ಎಲ್ಲೇ ಇರಲಿ, ಪಾಶಾ ವೈಜನಾಥನ ಮನೆಗೇ ಬರುವವನು. ಓಣಿಯಲ್ಲಿ ಹೋಗಿಬರುವವರಿಗೂ ಕಾಣುವ ಹಾಗೆ ಬಾಗಿಲ ಹತ್ತಿರ ಕೂರುವವನು. ನಮ್ಮ ಒಂದು ವಿಕೆಟ್ ಬಿದ್ದರೆ ಅಂಗೈಯಿಂದ ಹಣೆ ಬಡಿದುಕೊಂಡು "ಸತ್ಯಾನಾಶ್!" ಎಂದು ಕೂಗುವವನು. "ನಮಗಿಂತ ನಿಮಗ ಭಾಳ ಸಂಕಟ ಬಿಡ್ರಿ, ಪಾಶಾ ಅಣ್ಣ," ಎಂದು ಶಿವದೇವಿ ಚಹಾ ಕೊಡುತ್ತ ನಗುತ್ತಿದ್ದಳು.

ಎಲ್ಲ ಕೆಟ್ಟದ್ದು ಹಿಂದಿನ ದಿನ, ಶನಿವಾರ. ಪಾಶಾ ಕೆಲಸ ಮುಗಿಸಿ ಬಂದು ಹೊಸ್ತಿಲೊಳಗೆ ಕಾಲಿಟ್ಟಿದ್ದನೋ ಇಲ್ಲವೋ, ನಮ್ಮ ಮೊದಲ ವಿಕೆಟ್ ಬಿತ್ತು. ಅವನು ಕೂತು ನೀರು ಕುಡಿಯುವಷ್ಟರಲ್ಲಿ ಹೈದರಾಬಾದಿನ ಹುಡುಗ, ಇಡೀ ಓಣಿ ಆಸೆ ಇಟ್ಟುಕೊಂಡಿದ್ದವನು, ಸೊನ್ನೆಗೆ ಔಟಾದ. ಕಾಕಾ ಕುರ್ಚಿಯಲ್ಲೇ ತಿರುಗಿ, "ಏನ್ ಕಾಲಗುಣಪಾ ನಿಂದು!" ಎಂದರು. ಎಲ್ಲರೂ ಗೊಳ್ಳೆಂದು ನಕ್ಕರು. ಪಾಶಾನೂ ನಕ್ಕ.

ಆಟ ಮುಗಿದ ಮೇಲೆ ಅವನನ್ನು ಓಣಿಯ ತಿರುವಿನವರೆಗೆ ಕಳಿಸಲು ಹೋದ ವೈಜನಾಥ ಹೇಳಿದ: "ಪಾಶಾ, ನಾಳಿ ಒಂದಿನ ಬರಬ್ಯಾಡಪಾ. ಕಾಕಾ ಭಾಳ ಮನಸಿಗೆ ಹಚಗೊಂಡಾರ. ಗೆದ್ದ ಮ್ಯಾಲ ನಾನೇ ಬಂದು ಕರಕೊಂಡು ಹೋಗ್ತೀನಿ."

ಪಾಶಾನ ಮುಖದ ನಗು ಅರ್ಧಕ್ಕೆ ನಿಂತಿತು. "ಒಳಗ ಬರಂಗಿಲ್ಲ, ಅಣ್ಣಾ. ಹೊರಗ ಕಟ್ಟಿ ಮ್ಯಾಲರ ಕುಂದರ್ತೀನಿ."

"ಕಟ್ಟಿ ಮ್ಯಾಲ ಕುಂತು ಏನ್ ನೋಡ್ತಿ? ಒಂದಿನ ತಡಕೋ."

ಎಂಥ ಕ್ರಿಕೆಟ್ ಹುಚ್ಚು ಇವನದು ಎಂದು ವೈಜನಾಥ ಮನಸ್ಸಿನಲ್ಲೇ ನಗುತ್ತ ಮನೆಗೆ ಬಂದಿದ್ದ.

ಭಾನುವಾರ ಪಾಶಾ ಬರಲಿಲ್ಲ. ಆಟ ನಮ್ಮ ಕಡೆ ತಿರುಗಿದ್ದೂ ನಿಜ. ಕಾಕಾ ಗಳಿಗೆಗೊಮ್ಮೆ "ನಾ ಹೇಳಲಿಲ್ಲ?" ಎಂದು ವೈಜನಾಥನ ಕಡೆ ನೋಡುತ್ತಿದ್ದರು. ಗೆಲ್ಲಲು ಹದಿನೇಳು ಓಟ ಉಳಿದಿತ್ತು. ಆಗ ಸಚಿನ್ ನೋವು ನುಂಗಿಕೊಂಡು ಎತ್ತಿ ಹೊಡೆದ ಚೆಂಡು ಗಾಳಿಯಲ್ಲಿ ಎದ್ದಿತು, ಕೆಳಗೆ ಒಬ್ಬ ಕೈಯೊಡ್ಡಿ ನಿಂತಿದ್ದ.

ಸಚಿನ್ ಔಟ್. ವೈಜನಾಥನೇ ಮೊದಲು ಚೇತರಿಸಿಕೊಂಡ. "ಯಾಕ ಹೆದರ್ತೀರಿ? ಇನ್ನ ಉಳಿದವರೆಲ್ಲ ನಮ್ಮ ಕರ್ನಾಟಕದವರ! ಗದಗದ ಹುಡುಗ ಇನ್ನೂ ಒಳಗ ಅದಾನ. ಹದಿನೇಳು ಯಾವ ದೊಡ್ಡ ಮಾತು?" ಎಂದು ಎದೆ ಉಬ್ಬಿಸಿದ. ಆ ಉಬ್ಬಿದ ಎದೆ ಇಳಿಯಲು ಬಹಳ ಹೊತ್ತು ಬೇಕಾಗಲಿಲ್ಲ. ಒಬ್ಬರ ಹಿಂದೊಬ್ಬರು ಹೋದರು. ಕೊನೆಯ ವಿಕೆಟ್ ಬಿದ್ದೊಡನೆ ಕಾಕಾ ಎದ್ದು ಟಿವಿಯ ಕಿವಿ ತಿರುಚಿ ಆರಿಸಿಬಿಟ್ಟರು.

ಯಾದಗಿರಿ ಲುಂಗಿ ಕೊಡವಿಕೊಂಡು ಎದ್ದ. "ಹದಿನೇಳು ರನ್ ಹೊಡೀಲಿಕ್ಕೆ ಆಗಲಿಲ್ಲ ನೋಡು ಮೀ ಕನ್ನಡೋಳ್ಳಕು!" ಎಂದು ತೆಲುಗು ಬೆರೆಸಿ ಅಣಕಿಸಿದ. ಅವನ ಗೆಳೆಯರು ನಕ್ಕರು. ವೈಜನಾಥನಿಗೆ ಮುಖ ಸಣ್ಣದಾಯಿತು, ಆದರೂ ಹಲ್ಲು ಕಿರಿದು, "ನಾಳಿ ಗದಗಕ್ಕ ಹೋಗಿ ಕೇಳ್ತೀನಿ ಬಿಡಪಾ," ಎಂದ. ಮಾತು ಅಲ್ಲಿಗೇ ಮುಗಿಯಿತು.

ಅಷ್ಟರಲ್ಲಿ ಎಲ್ಲೋ ಹಿಂದಿನ ಬೀದಿಯಲ್ಲಿ ಪಟಾಕಿಯ ಸರ ಸಿಡಿಯಿತು. ರಂಜಾನ್ ಕಳೆದು ಮದುವೆಗಳ ಕಾಲ ಅದು. ದಿನಾ ಸಂಜೆ ಯಾವುದೋ ಒಂದು ಮೆರವಣಿಗೆ ಪಟಾಕಿ ಹಚ್ಚಿಕೊಂಡು ಹೋಗುತ್ತಲೇ ಇತ್ತು. ಆದರೆ ಅಂಗಳಕ್ಕೆ ಇಳಿದಿದ್ದ ಯಾದಗಿರಿಯ ಕಾಲು ಅಲ್ಲೇ ನಿಂತಿತು. ಅವನು ಓಣಿಯ ಕೊನೆಯ ಕಡೆ ನೋಡಿದ. ಪಾಶಾನ ಮನೆಯ ಬಾಗಿಲು ಮುಚ್ಚಿತ್ತು.

"ವೈಜನಾಥ್ ಭಾಯ್, ಪಾಶಾ ಕಿಧರ್ ಹೈ ಆಜ್?"

"ಮನ್ಯಾಗ ಇರಬೇಕು," ಎಂದ ವೈಜನಾಥ.

"ಹರ್ ಮ್ಯಾಚ್ ಮೇ ಆತಾ ಥಾ. ಆಜ್ ಕೈಕು ನೈ ಆಯಾ? ದರ್ವಾಜಾ ಬಂದ್ ಕರ್ಕೇ ಕ್ಯಾ ದೇಖ್ ರಾ?"

ಬಾಗಿಲು ಮುಚ್ಚಿಕೊಂಡು ಏನು ನೋಡುತ್ತಿದ್ದಾನೆ ಎಂಬ ಆ ಪ್ರಶ್ನೆಗೆ ಸುತ್ತಲಿನವರ ಮುಖಗಳು ಬೇರೆಯಾದವು. ಇಷ್ಟು ಹೊತ್ತು ತನ್ನ ಚಾಪೆಯ ಮೇಲೆ ಕೂತು ತನ್ನ ಮನೆಯ ಚಹಾ ಕುಡಿದವರೇ ಇವರು ಎಂದು ವೈಜನಾಥನಿಗೆ ನಂಬಲಾಗಲಿಲ್ಲ. ಪಾಶಾ ನಿನ್ನೆ ಕಟ್ಟೆಯ ಮೇಲಾದರೂ ಕೂರುತ್ತೇನೆ ಎಂದು ಯಾಕೆ ಅಂಗಲಾಚಿದ ಎಂಬುದು ಅವನಿಗೆ ಆಗ ಹೊಳೆಯಿತು.

"ನಾನೇ ಬರಬ್ಯಾಡ ಅಂದೀನಪಾ," ಎಂದು ಅವನು ಗಡಬಡಿಸಿ ಹಿಂದಿಯಲ್ಲೂ ಅದನ್ನೇ ಹೇಳಿದ. "ಅವನು ಬಂದರೆ ವಿಕೆಟ್ ಬೀಳುತ್ತದೆ ಅಂತ ನಾನೇ ಬೇಡ ಅಂದೆ."

ಯಾದಗಿರಿ ನಕ್ಕ. ಉಳಿದವರೂ ನಕ್ಕರು. ಗೆಳೆಯನನ್ನು ಉಳಿಸಲು ಇದಕ್ಕಿಂತ ಒಳ್ಳೆಯ ಸುಳ್ಳು ಸಿಗಲಿಲ್ಲವೇ ಎಂದು ಒಬ್ಬ ಕೇಳಿದ. ನಿಜವಾದ ಮಾತು ಇಷ್ಟು ಪೊಳ್ಳಾಗಿ ಕೇಳುವುದನ್ನು ವೈಜನಾಥ ಎಂದೂ ಕಂಡಿರಲಿಲ್ಲ. ಅವನು ತಿರುಗಿ ಬಾಗಿಲಲ್ಲಿ ನಿಂತಿದ್ದ ಕಾಕಾನನ್ನು ನೋಡಿದ. "ಕಾಕಾ, ನೀವ ಹೇಳ್ರಿ. ನಿನ್ನಿ ಅವನ ಕಾಲಗುಣದ ಮಾತು ಎತ್ತಿದವರು ನೀವ ಅಲ್ಲೇನ್ರಿ?"

ಅಷ್ಟು ಮಂದಿಯ ಮುಂದೆ ಸೂಗಪ್ಪ ಕಾಕಾನಿಗೆ ತಾವು ಓದಿದವರು, ಸರ್ಕಾರಿ ನೌಕರಿ ಮಾಡಿದವರು ಎಂಬುದು ನೆನಪಾಯಿತು. "ನಾ ಯಾಕ ಹಂಗ ಅಂತೀನಿ?" ಎಂದರು. "ಮನಿಗೆ ಬರೋರಿಗೆ ಬರಬ್ಯಾಡ ಅನ್ನಾಕ ನಾ ಏನ್ ಹುಚ್ಚನ?" ಹೀಗೆ ಅಂದವರೇ ಒಳಗೆ ಹೋದರು. ಶಿವದೇವಿ ಸೌಟು ಹಿಡಿದೇ ಹೊರಗೆ ಬಂದು, "ಅಂದೀರಿ, ಕಾಕಾ! ನಾ ಕೇಳೀನಿ!" ಎಂದು ಕೂಗಿದಳು. ಆದರೆ ಅವಳ ಕನ್ನಡ ಅಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಗುಂಪು ಆಗಲೇ ನಡೆದಿತ್ತು.

ವೈಜನಾಥ ಚಪ್ಪಲಿ ಮೆಟ್ಟದೆ ಓಡಿದ. ಅವರಿಗಿಂತ ಮೊದಲು ಮುಟ್ಟಬೇಕು, ಪಾಶಾನಿಗೆ ಮುಂದಾಗಿ ಒಂದು ಮಾತು ಹೇಳಬೇಕು ಎಂಬುದೊಂದೇ ಅವನ ತಲೆಯಲ್ಲಿದ್ದುದು. ಆಗಲಿಲ್ಲ. ಯಾದಗಿರಿ ಅಂಗೈಯಿಂದ ಬಾಗಿಲು ಬಡಿದ. ಒಳಗೆ ಟಿವಿಯ ಸದ್ದು ಕೇಳುತ್ತಿತ್ತು. ಪಾಶಾ ತಡಮಾಡಿ ಬಾಗಿಲು ತೆರೆದಾಗ ಅವನಿಗೆ ಕಂಡದ್ದು ಐದಾರು ಗಂಡಸರು, ಅವರ ನಡುವೆ ಏದುಸಿರು ಬಿಡುತ್ತ ನಿಂತ ವೈಜನಾಥ. ಪಾಶಾ ಎಲ್ಲರನ್ನೂ ಬಿಟ್ಟು ಒಂದು ಕ್ಷಣ ಅವನನ್ನೇ ನೋಡಿದ. ಆ ನೋಟಕ್ಕೆ ವೈಜನಾಥ ಕುಗ್ಗಿಹೋದ. ನಾನು ಇವರ ಜೊತೆ ಬಂದವನಲ್ಲ ಎಂದು ಕೂಗಬೇಕೆನಿಸಿತು.

ಮರುಕ್ಷಣ ಪಾಶಾ ಅಂಗೈಯಿಂದ ಹಣೆ ಬಡಿದುಕೊಂಡ. "ಸತ್ಯಾನಾಶ್ ಹೋಗಯಾ, ಯಾದಗಿರಿ ಭಾಯ್! ಹದಿನೇಳು ರನ್! ಹಾಥ್ ಮೇ ಆಯಾ ಸೋ ಮ್ಯಾಚ್ ಗಯಾ!" ಅದೇ ದನಿ, ಅದೇ ಕೈ. ವೈಜನಾಥನ ಮನೆಯ ಬಾಗಿಲ ಬಳಿ ವರ್ಷಗಟ್ಟಲೆ ಕೇಳಿ, ಎಲ್ಲರೂ ನಕ್ಕು, ಚಹಾ ಕೊಟ್ಟು ಸಮಾಧಾನ ಮಾಡಿದ್ದ ಅದೇ ಸಂಕಟ. ವೈಜನಾಥ ಬೆಪ್ಪಾಗಿ ನಿಂತು ನೋಡಿದ. ಅಷ್ಟು ವರ್ಷಗಳಲ್ಲಿ ಎಷ್ಟು ಸಲ ಅದು ನಿಜವಾಗಿತ್ತು, ಎಷ್ಟು ಸಲ ಹೀಗೆ ತೋರಿಕೆಗೆ ಇತ್ತು ಎಂದು ಅವನಿಗೆ ಇನ್ನು ಯಾವತ್ತೂ ತಿಳಿಯುವಂತಿರಲಿಲ್ಲ.

"ಸಚಿನ್ ಔಟ್ ಹುಯಾ ಸೋ ಖಾನಾ ಭೀ ನೈ ಖಾಯಾ ಮೈ. ಪೂಛೋ ಇನಕೂ," ಎಂದು ಪಾಶಾ ಹೆಂಡತಿಯ ಕಡೆ ಕೈ ತೋರಿಸಿದ. ಅವನ ಹೆಂಡತಿ ರಹಮತ್‌ಬೀ ಒಳಗಿನಿಂದ ಅನ್ನದ ತಟ್ಟೆ ತಂದು, ಸೆರಗು ಸರಿಮಾಡಿಕೊಂಡು, ಅವರಿಗೆ ಕಾಣುವ ಹಾಗೆ ಹಿಡಿದಳು. ಕೈಯಿಟ್ಟಿರದ ಅನ್ನ. ಅದರಿಂದ ಇನ್ನೂ ಹಬೆ ಏಳುತ್ತಿತ್ತು. ಆ ಹಬೆಯನ್ನು ಕಂಡವನು ವೈಜನಾಥ ಒಬ್ಬನೇ.

ಯಾದಗಿರಿಗೆ ನಾಚಿಕೆಯಾಯಿತೋ, ಬಂದ ಕೆಲಸ ಆಯಿತೆನಿಸಿತೋ, ಪಾಶಾನ ಹೆಗಲು ತಟ್ಟಿದ. "ಕ್ಯಾ ಕರ್ತೇ ಭಾಯ್, ಖಾ ಲೋ," ಎಂದ. ಹೋಗುವಾಗ ತಿರುಗಿ, "ಮ್ಯಾಚ್ ಕೇ ದಿನ್ ದರ್ವಾಜಾ ಖುಲ್ಲಾ ರಖೋ," ಎಂದು ತೆರೆದ ಬಾಗಿಲು ತೋರಿಸಿ ಸೇರಿಸಿದ. ಪಾಶಾ ಸಲಾಮು ಮಾಡಿದ. ಗುಂಪು ಪಾನ್ ಅಂಗಡಿಯ ಕಡೆ ಕರಗಿತು.

ವೈಜನಾಥ ಹೋಗಲಿಲ್ಲ. ಪಾಶಾ ಬಾ ಎನ್ನಲೂ ಇಲ್ಲ, ಹೋಗು ಎನ್ನಲೂ ಇಲ್ಲ. ವೈಜನಾಥ ತಾನೇ ಒಳಗೆ ಬಂದು ಕಬ್ಬಿಣದ ಮಂಚದ ತುದಿಯಲ್ಲಿ ಕೂತ. ಎದುರಿಗೆ ಅವನ ಮನೆಯದಕ್ಕಿಂತ ದೊಡ್ಡದಾದ ಬಣ್ಣದ ಟಿವಿ ಇತ್ತು.

"ಯಾವಾಗ ತಂದಿ ಇದನ್ನ?"

"ಮೂರು ವರ್ಷ ಆತು, ಅಣ್ಣಾ."

"ಮತ್ತ ನಮ್ಮ ಮನಿಗೆ ಯಾಕ ಬರ್ತಿದ್ದಿ?"

ಪಾಶಾ ತಟ್ಟೆಯನ್ನು ಹೆಂಡತಿಯ ಕೈಗೆ ವಾಪಸು ಕೊಟ್ಟ. "ನಿಮ್ಮ ಮನ್ಯಾಗ ಕುಂತ್ರ ನಾ ಮ್ಯಾಚ್ ನೋಡೋದು ಮಂದಿಗೆ ಕಾಣಸ್ತಿತ್ತು," ಎಂದ. ಸಿಟ್ಟಿನಿಂದ ಹೇಳಲಿಲ್ಲ. ನಾಳೆ ಯಾವ ಶಿಫ್ಟು ಎಂದು ಹೇಳುವವನಂತೆ ಹೇಳಿದ.

ರಹಮತ್‌ಬೀ ಮಾತ್ರ ಸುಮ್ಮನಿರಲಿಲ್ಲ. "ನಿನ್ನಿ ನೀವು ನಕ್ಕೋತ ಬ್ಯಾಡ ಅಂದ್ರಂತ, ಭಾಯಿ. ಇವರು ರಾತ್ರಿ ಒಂದು ತುತ್ತು ಉಣ್ಣಲಿಲ್ಲ. ಸಿಂಧನೂರಿಗೆ ಹೋಗಿ ಬರೂನು ನಡಿ ಅಂದ್ರು. ಬಸ್ಸಿಗೆ ಹೋದ್ರ ಓಡಿ ಹೋದ ಅಂತಾರ ಅಂತ ಮತ್ತ ಇವರ ಬ್ಯಾಡ ಅಂದ್ರು."

"ತಪ್ಪಾತು, ಪಾಶಾ," ಎಂದ ವೈಜನಾಥ. "ದೇವರಾಣೆ ಗೊತ್ತಿದ್ದಿಲ್ಲ ನನಗ."

"ನಿಮಗ ಹೆಂಗ ಗೊತ್ತಾಗಬೇಕು, ಅಣ್ಣಾ," ಎಂದ ಪಾಶಾ.

ವೈಜನಾಥ ಟಿವಿಯ ಕಡೆ ನೋಡಿದ. ಸುದ್ದಿಯಲ್ಲಿ ಚೆನ್ನೈಯ ಮೈದಾನ ತೋರಿಸುತ್ತಿದ್ದರು. ಕಾಕಾ ಟಿವಿ ಆರಿಸಿದ ಮೇಲೆ ಅಲ್ಲಿ ಏನಾಯಿತೆಂದು ಅವನು ನೋಡಿಯೇ ಇರಲಿಲ್ಲ. ಗೆದ್ದ ಪಾಕಿಸ್ತಾನದ ಆಟಗಾರರು ಸಾಲಾಗಿ ಮೈದಾನ ಸುತ್ತುತ್ತಿದ್ದರು. ಕಲ್ಲಿಲ್ಲ, ಬಾಟಲಿಯಿಲ್ಲ, ಬೈಗುಳವಿಲ್ಲ. ಸೋತು ಸುಣ್ಣವಾದ ಅಷ್ಟೂ ಜನ, ಹೆಂಗಸರು, ಮುದುಕರು, ಕೆನ್ನೆಗೆ ಬಣ್ಣ ಬಳಿದುಕೊಂಡ ಹುಡುಗರು ಎದ್ದು ನಿಂತು ಅವರಿಗೆ ಚಪ್ಪಾಳೆ ತಟ್ಟುತ್ತಿದ್ದರು. ಆಟಗಾರರು ಮೊದಲು ಅನುಮಾನದಿಂದ, ಆಮೇಲೆ ನಂಬಿ, ಕೈಬೀಸಿದರು.

ವೈಜನಾಥನ ಕಣ್ಣು ತುಂಬಿತು. ಬೆಳಿಗ್ಗೆಯಿಂದ ಉಸಿರು ಬಿಗಿಹಿಡಿದದ್ದು, ಸೋತದ್ದು, ಓಣಿಯಲ್ಲಿ ನಡೆದದ್ದು ಎಲ್ಲ ಸೇರಿ ಅವನೊಳಗೆ ಏನೋ ಒಡೆಯಿತು. ಚಪ್ಪಾಳೆ ತಟ್ಟುತ್ತಿರುವ ಇವರೂ ನಮ್ಮ ಜನವೇ ಹೌದಲ್ಲ ಎನಿಸಿತು. ಅವನು ಎದ್ದು ನಿಂತ. ಎರಡೂ ಕೈಯೆತ್ತಿ ಚೆನ್ನೈಯ ಜನರ ಜೊತೆ ತಾನೂ ಚಪ್ಪಾಳೆ ತಟ್ಟತೊಡಗಿದ. ಬರಿಗಾಲಲ್ಲಿ ನಿಂತು, ಜೋರಾಗಿ, ಮನಸಾರೆ ತಟ್ಟಿದ. "ನೋಡು ಪಾಶಾ, ನೋಡಿಲ್ಲಿ! ಹಿಂಗ ಇರಬೇಕು ಮಂದಿ!"

ಪಾಶಾ ಹಾರಿ ಬಂದು ಅವನ ಎರಡೂ ಕೈ ಗಟ್ಟಿಯಾಗಿ ಹಿಡಿದ.

"ಬ್ಯಾಡ, ಅಣ್ಣಾ. ಕೈ ಮುಗೀತೀನಿ. ಹೊರಗ ಕೇಳಸ್ತೈತಿ. ಇದು ನನ್ನ ಮನಿ."

ವೈಜನಾಥನ ಕೈಗಳು ಗಾಳಿಯಲ್ಲೇ ನಿಂತವು. ರಹಮತ್‌ಬೀ ಓಡಿಹೋಗಿ ಟಿವಿಯ ಸದ್ದನ್ನು ಪೂರಾ ತಗ್ಗಿಸಿದಳು. ಪರದೆಯ ಮೇಲೆ ಅಷ್ಟು ಸಾವಿರ ಜನ ಸದ್ದಿಲ್ಲದೆ ಚಪ್ಪಾಳೆ ತಟ್ಟುತ್ತಲೇ ಇದ್ದರು. ಇಬ್ಬರೂ ಅದನ್ನು ನೋಡುತ್ತ ನಿಂತರು. ಪಾಶಾ ಹಿಡಿದ ಕೈ ಬಿಡಲಿಲ್ಲ.