ಭೂಮಿಯ ರೈಫಲ್

ದೇಶ ಬಿಟ್ಟು ಹೋಗಿ ಎಂದು ಹೇಳುವುದರಲ್ಲೂ ಸ್ವೀಡನ್ನಿನ ಸರ್ಕಾರಕ್ಕೆ ಒಂದು ಮರ್ಯಾದೆಯಿದೆ. ಗದರುವುದಿಲ್ಲ, ಕತ್ತು ಹಿಡಿದು ದೂಡುವುದೂ ಇಲ್ಲ. ಲಿಂಗರಾಜ ಹಿಂದೆ ಕೆಲಸ ಮಾಡುತ್ತಿದ್ದ ಸಣ್ಣ ಕಂಪನಿಯವರು ಅವನ ಹೆಸರಿಗೆ ಮಾಡಿಸಬೇಕಿದ್ದ ಯಾವುದೋ ವಿಮೆಯನ್ನು ಕೆಲವು ತಿಂಗಳು ಮರೆತಿದ್ದರು. ಆ ಕಾರಣಕ್ಕೆ ವರ್ಕ್ ಪರ್ಮಿಟ್ ನವೀಕರಿಸಲಾಗದು, ದಯವಿಟ್ಟು ಹೊರಡುವ ಸಿದ್ಧತೆ ಮಾಡಿಕೊಳ್ಳಿ ಎಂದು ವಲಸೆ ಇಲಾಖೆ ವಿನಯದಿಂದ ತಿಳಿಸಿತು. ಮರೆತವರು ಅವರು, ಗಂಟುಮೂಟೆ ಕಟ್ಟಬೇಕಾದವನು ಇವನು. ೨೦೧೭ರ ಆಸುಪಾಸಿನಲ್ಲಿ ಸಾಫ್ಟ್‌ವೇರ್ ಕಂಪನಿಗಳ ಬಡಾವಣೆಯಾದ ಕಿಸ್ಟಾದ ಕನ್ನಡಿಗರು ಇಬ್ಬರು ಸೇರಿದರೆ ಇದೇ ಮಾತು. ಮೇಲ್ಮನವಿ ಹಾಕಿದ್ದಾಯಿತು, ಅದೂ ಬಿದ್ದುಹೋಯಿತು.

ಹೆಂಡತಿ ನೀರಜಾ ಮೊದಲು ಅತ್ತಳು, ಆಮೇಲೆ ರಟ್ಟಿನ ಪೆಟ್ಟಿಗೆಗಳನ್ನು ತಂದು ಪಾತ್ರೆ ತುಂಬತೊಡಗಿದಳು. ಅಳಲೂ ಇಲ್ಲ, ಏನನ್ನೂ ತುಂಬಲೂ ಇಲ್ಲದವಳು ಮಗಳು ಭೂಮಿ. ನಾಲ್ಕು ವರ್ಷದವಳಾಗಿ ಬಂದವಳಿಗೆ ಈಗ ಹದಿನಾರು. ಬೆಂಗಳೂರು ಅವಳಿಗೆ ರಜೆಗೆ ಹೋಗಿ ಹೊಟ್ಟೆ ಕೆಡಿಸಿಕೊಂಡು ಬರುವ ಊರು.

"ಓಕೆ ಪಪ್ಪಾ, ಐ ವಿಲ್ ಕಮ್," ಎಂದಳು ಒಂದು ಸಂಜೆ ಊಟದ ತಟ್ಟೆ ಸರಿಸಿ. "ಬಟ್ ದ ರೈಫಲ್ ಕಮ್ಸ್ ವಿತ್ ಮಿ."

ಈ ರೈಫಲ್ಲಿನ ವಿಷಯ ಸ್ವಲ್ಪ ಹೇಳಬೇಕು. ಲಿಂಗರಾಜನ ವಂಶದಲ್ಲಿ ಯಾರೂ ಕೋವಿ ಮುಟ್ಟಿದವರಲ್ಲ. ಎಕ್ಸಿಬಿಷನ್ನಿನಲ್ಲಿ ಬಲೂನು ಹೊಡೆಯಲು ಹೋಗಿ ಪಕ್ಕದ ಅಂಗಡಿಯ ಬಲ್ಬು ಹೊಡೆದ ದಾವಣಗೆರೆಯ ಮಗ ಅವನು. ಭೂಮಿ ಮಾತ್ರ ಗೆಳತಿಯೊಬ್ಬಳ ಹಿಂದೆ ಶೂಟಿಂಗ್ ಕ್ಲಬ್ಬಿಗೆ ಹೋದವಳು ಅಲ್ಲೇ ಬೇರು ಬಿಟ್ಟಳು. ಶಾಲೆಯಲ್ಲಿ ಯಾರ ಕಣ್ಣಿಗೂ ಬೀಳದ ಹುಡುಗಿ, ಐವತ್ತು ಮೀಟರ್ ದೂರದ ಕಪ್ಪು ಚುಕ್ಕೆಯ ಎದುರು ರೈಫಲ್ ಹಿಡಿದು ಬೋರಲು ಮಲಗಿದರೆ ಬೇರೆಯೇ ಆಗುತ್ತಿದ್ದಳು. ಎರಡು ಸಲ ಜಿಲ್ಲೆಗೇ ಮೊದಲು ಬಂದಳು. ಅವಳಿಗಾಗಿ ಕೊಂಡ ರೈಫಲ್ಲಿಗೆ ಲೈಸೆನ್ಸ್ ಬೇಕಲ್ಲ, ಅವಳಿಗೆ ವಯಸ್ಸಾಗಿರಲಿಲ್ಲ. ಹಾಗಾಗಿ ಲಿಂಗರಾಜನೇ ಕ್ಲಬ್ಬು ಸೇರಿ, ಗುಂಡು ಹೊಡೆಯಲು ಕಲಿತು, ಪೊಲೀಸರಿಂದ ತನ್ನ ಹೆಸರಿಗೆ ಲೈಸೆನ್ಸ್ ಮಾಡಿಸಿದ. ಅವನ ಗುಂಡು ಗುರಿಯ ಕಾಗದಕ್ಕೆ ತಾಗಿದ ದಿನ ಕ್ಲಬ್ಬಿನ ಮುದುಕರು ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು.

"ಬರುತ್ತೆ ಪುಟ್ಟಾ," ಎಂದ ಲಿಂಗರಾಜ. "ಕಾನೂನು ಪ್ರಕಾರವೇ ತರ್ತೀನಿ. ಪ್ರಾಮಿಸ್."

ಮಾತು ಕೊಡುವುದು ಸುಲಭ. ರೈಫಲ್ ಸ್ವೀಡನ್ ಬಿಡಲು ಇಲ್ಲಿಯ ಅನುಮತಿ ಬೇಕು. ಭಾರತಕ್ಕೆ ಕಾಲಿಡಲು ಅಲ್ಲಿಯ ಲೈಸೆನ್ಸ್ ಬೇಕು. ಇವರು ಅವರ ಕಾಗದ ತನ್ನಿ ಎಂದರು, ಅವರು ಇವರ ಕಾಗದ ಎಲ್ಲಿ ಎಂದರು. ಬೆಂಗಳೂರಿನಲ್ಲಿ ಓಡಾಡಿದವನು ನೀರಜಾಳ ತಮ್ಮ ಶಂಕರ.

"ಭಾವ, ಸ್ಟೇಷನ್ನಲ್ಲಿ ನಗ್ತಾರೆ," ಎಂದು ಫೋನು ಮಾಡುತ್ತಿದ್ದ. "ಸಾಫ್ಟ್‌ವೇರ್‌ನವ್ರಿಗೆ ಯಾಕ್ರೀ ಗನ್ನು, ಮ್ಯಾನೇಜರ್‌ನ ಹೊಡಿಯೋಕಾ ಅಂತಾರೆ."

"ಮಗಳ ಮೆಡಲ್ ಫೋಟೋ ತೋರ್ಸು ಶಂಕ್ರಾ."

"ತೋರ್ಸಿದೀನಿ ಭಾವ. ಹುಡುಗಿ ಚೆನ್ನಾಗಿದಾಳೆ, ಮದ್ವೆಗೆ ನೋಡ್ತಿದೀರಾ ಅಂದ್ರು."

ನಂಬಿದರೆ ನಂಬಿ, ಆ ಎಲ್ಲ ಕಾಗದಗಳೂ ಕೊನೆಗೆ ಬಂದವು. ಕೆಲಸ ಕಳೆದುಕೊಂಡವನಿಗೆ ಬೇರೆ ಕೆಲಸವೂ ಇರಲಿಲ್ಲ. ಎರಡು ದೇಶಗಳ ಗುಮಾಸ್ತರನ್ನು ಕಾಡಿ ಬೇಡಿ ಲಿಂಗರಾಜ ಗೆದ್ದ. ಆರ್ಲಾಂಡಾ ವಿಮಾನ ನಿಲ್ದಾಣದ ಹತ್ತಿರ ಆಯುಧ ಸಾಗಿಸಲು ಪರವಾನಗಿ ಇದ್ದ ಏಜೆಂಟನೊಬ್ಬ ಸಿಕ್ಕಿದ. ರೈಫಲ್ ಒಂದು ಪೆಟ್ಟಿಗೆ, ಬೋಲ್ಟ್ ಬೇರೊಂದು ಪೆಟ್ಟಿಗೆ, ಗುರುವಾರ ಎರಡನ್ನೂ ನೀವೇ ತಂದು ಒಪ್ಪಿಸಿ ಎಂದ. ಬೋಲ್ಟ್ ಎಂದರೆ ಗುಂಡು ತುಂಬುವಾಗ ಹಿಂದಕ್ಕೆಳೆದು ಮುಂದಕ್ಕೆ ತಳ್ಳುವ ಉಕ್ಕಿನ ತುಂಡು. ಅದಿಲ್ಲದಿದ್ದರೆ ರೈಫಲ್ ಬರೀ ದೊಣ್ಣೆ. ಆದ್ದರಿಂದಲೇ ಕಾನೂನಿನ ಕಣ್ಣಿಗೆ ಆ ಗೇಣುದ್ದದ ತುಂಡು ಇಡೀ ರೈಫಲ್ಲಿಗೆ ಸಮ.

ಆ ವಾರ ಭೂಮಿ ತನ್ನ ಪೆಟ್ಟಿಗೆಗೆ ಬಟ್ಟೆ ತುಂಬಲು ಶುರುಮಾಡಿದಳು. ಬೆಂಗಳೂರಿನಲ್ಲಿ ಶೂಟಿಂಗ್ ರೇಂಜ್ ಎಲ್ಲೆಲ್ಲಿದೆ ಎಂದು ಫೋನಿನಲ್ಲಿ ಹುಡುಕಿ ಅಮ್ಮನಿಗೆ ತೋರಿಸಿದಳು. ಬಾಗಿಲ ಹಿಂದೆ ನಿಂತು ಅದನ್ನು ಕೇಳಿದ ಲಿಂಗರಾಜನ ಕಣ್ಣು ತುಂಬಿತು.

ಎಡವಟ್ಟಾದದ್ದು ಬುಧವಾರ. ಆಯುಧ ಇಡುವ ಉಕ್ಕಿನ ಬೀರುವನ್ನು ಮಾರಾಟಕ್ಕೆ ಹಾಕಿದ್ದರು. ಶುಕ್ರವಾರ ಬರಬೇಕಿದ್ದ ಗಿರಾಕಿ ಎರಡು ದಿನ ಮೊದಲೇ ಗಾಡಿ ತಂದು ನಿಂತ. ಒಂದು ರಾತ್ರಿಯ ಮಾತಲ್ಲವೇ ಎಂದು ಲಿಂಗರಾಜ ಬೀರು ಕೊಟ್ಟು ಕಳಿಸಿದ. ರೈಫಲನ್ನು ಅದರ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಮಂಚದ ಕೆಳಗೆ ತಳ್ಳಿದ. ಬೋಲ್ಟನ್ನು ಅದರ ಜೊತೆಗಿಡಬಾರದು, ಅಷ್ಟು ಕಾನೂನು ಅವನಿಗೆ ಗೊತ್ತು. ಬೇರೆ ಎಲ್ಲಿಡುವುದು? ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಬೆಣ್ಣೆ ಬಿಸ್ಕತ್ತಿನ ನೀಲಿ ತಗಡಿನ ಡಬ್ಬಿಗಳು ಸಾಲಾಗಿದ್ದವು, ಊರಿನ ನೆಂಟರಿಗೆಂದು ನೀರಜಾ ತಂದಿಟ್ಟವು. ಅದರಲ್ಲೊಂದನ್ನು ಭೂಮಿ ಆಗಲೇ ತಿಂದು ಮುಗಿಸಿದ್ದಳು. ನಮ್ಮವರ ಮನೆಯಲ್ಲಿ ಇಂಥ ಡಬ್ಬಿಯಲ್ಲಿ ಬಿಸ್ಕತ್ತು ಇರುವುದು ಮೊದಲ ವಾರ ಮಾತ್ರ. ಆಮೇಲೆ ಸೂಜಿ ದಾರ, ಒಡೆದ ಬಳೆ, ಪಾಸ್‌ಪೋರ್ಟು, ಚಿನ್ನದ ಸರ ಎಲ್ಲಕ್ಕೂ ಅದೇ ತಿಜೋರಿ. ಲಿಂಗರಾಜನ ತಾಯಿ ತಾಳಿಯನ್ನೂ ಅದರಲ್ಲೇ ಇಡುತ್ತಿದ್ದರು. ಬೋಲ್ಟನ್ನು ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ ಆ ಖಾಲಿ ಡಬ್ಬಿಯೊಳಗಿಟ್ಟು, ಮುಚ್ಚಳಕ್ಕೆ ಟೇಪು ಸುತ್ತಿ, ಉಳಿದವುಗಳ ಸಾಲಿನಲ್ಲೇ ಇಟ್ಟ. ಕಳ್ಳ ಬಂದರೂ ಬಿಸ್ಕತ್ತು ಕದಿಯುತ್ತಾನೆಯೇ ಎಂದು ತನ್ನ ಬುದ್ಧಿಯನ್ನು ತಾನೇ ಮೆಚ್ಚಿಕೊಂಡು, ಕ್ಲಬ್ಬಿನ ಬಾಕಿ ಕೆಲಸವಿದೆಯೆಂದು ಹೊರಗೆ ಹೋದ. ನೀರಜಾಳಿಗೆ ಹೇಳಲಿಲ್ಲ. ಹೇಳಬಾರದೆಂದೇನಲ್ಲ, ಅವಳು ಪಕ್ಕದ ಮನೆಗೆ ಮಿಕ್ಸಿ ಕೊಡಲು ಹೋಗಿದ್ದಳು.

ಅದೇ ಸಂಜೆ ಗೋಪೀನಾಥ ಬಂದ. ಕುಂದಾಪುರದವನು, ಕಿಸ್ಟಾದಲ್ಲಿ ಲಿಂಗರಾಜನಿಗೆ ಸಿಕ್ಕ ಮೊದಲ ಗೆಳೆಯ. ಮರುದಿನ ಬೆಳಿಗ್ಗೆ ತಂಗಿಯ ಮದುವೆಗೆ ಊರಿಗೆ ಹೊರಟಿದ್ದ. ಊರಿಗೆ ಹೋಗುವವನು ನಾಲ್ಕು ಮನೆಯ ಗಂಟು ಹೊರಬೇಕು, ಅದು ಇಲ್ಲಿಯ ಕನ್ನಡಿಗರು ಯಾರೂ ಬರೆದಿಡದ ಕಟ್ಟಳೆ. ಒಳಗೇನಿದೆ ಎಂದು ಕೇಳಿದರೆ ಅನುಮಾನಿಸಿದಂತೆ, ಬಿಚ್ಚಿ ನೋಡಿದರೆ ಸಂಬಂಧವೇ ಮುಗಿದಂತೆ.

"ಜಾಗ ಉಂಟು ಅತ್ತಿಗೆ, ಏನಾದ್ರೂ ಇದ್ರೆ ಕೊಡಿ," ಎಂದ.

"ಶಂಕ್ರನ ಮಕ್ಳಿಗೆ ಎರಡು ಬಿಸ್ಕತ್ ಡಬ್ಬಿ ಇದೆ ಗೋಪಿ. ತಗೊಂಡ್ ಹೋಗ್ತೀಯಾ?" ಎಂದು ನೀರಜಾ ಕುರ್ಚಿ ಹತ್ತಿ, ಕೈಗೆ ಸಿಕ್ಕ ಮೊದಲ ಎರಡು ಡಬ್ಬಿಗಳನ್ನು ತೆಗೆದುಕೊಟ್ಟಳು.

ಗುರುವಾರ ಬೆಳಿಗ್ಗೆ ಲಿಂಗರಾಜ ಏಜೆಂಟನಲ್ಲಿಗೆ ಹೊರಡಲು ಶೂ ಹಾಕಿಕೊಳ್ಳುತ್ತಿದ್ದಾಗ ಗೋಪೀನಾಥನ ಹೆಂಡತಿ ಆರತಿಯ ಫೋನು ಬಂತು. ನೀರಜಾ ಎತ್ತಿ ಸ್ಪೀಕರಿಗೆ ಹಾಕಿದಳು.

"ನೀರಜಾ, ನಮ್ಮವ್ರ ಕೈಲಿ ಏನು ಕೊಟ್ಟಿದ್ರಿ? ಏರ್‌ಪೋರ್ಟಲ್ಲಿ ಪೊಲೀಸ್ ಹಿಡ್ಕೊಂಡಿದಾರೆ."

"ಬಿಸ್ಕತ್ತು ಆರತಿ. ಬರೀ ಬಿಸ್ಕತ್ತು!"

ಲಿಂಗರಾಜ ಒಂದು ಕಾಲಿನ ಶೂ ಹಾಕಿಕೊಂಡೇ ಕುರ್ಚಿ ಹತ್ತಿದ. ಉಳಿದಿದ್ದ ಡಬ್ಬಿಗಳನ್ನು ಒಂದೊಂದಾಗಿ ಅಲ್ಲಾಡಿಸಿದ. ಎಲ್ಲದರಲ್ಲೂ ಬಿಸ್ಕತ್ತಿನ ಸದ್ದು. ಕುರ್ಚಿಯ ಮೇಲಿಂದಲೇ ನೀರಜಾಳತ್ತ ತಿರುಗಿದ.

"ರೀ, ಏನಾಯ್ತು? ಯಾಕೆ ಹಾಗೆ ನೋಡ್ತೀರಿ?"

ಹೇಳಿದ. ತೆಗೆದುಕೊಟ್ಟವಳು ನಾನೇ ಎಂದು ನೀರಜಾ ಹಣೆ ಚಚ್ಚಿಕೊಂಡಳು. ಕೋಣೆಯ ಬಾಗಿಲಲ್ಲಿ ಭೂಮಿ ನಿಂತಿದ್ದಳು, ಅವಳಿಗೂ ಕೇಳಿಸಿತು.

ಈ ಸಾಮಾನು ನೀವೇ ಕಟ್ಟಿದ್ದೇ, ಒಳಗೇನಿದೆ ಗೊತ್ತೇ ಎಂದು ವಿಮಾನ ನಿಲ್ದಾಣದಲ್ಲಿ ಕೇಳಿದ್ದಕ್ಕೆ ಗೋಪೀನಾಥ ಎಲ್ಲರಂತೆ ಹೌದು, ಹೌದು ಎಂದಿದ್ದ. ಎಕ್ಸ್‌ರೇ ಯಂತ್ರಕ್ಕೆ ಪಂಚೆಯೊಳಗಿನ ಉಕ್ಕು ಕಂಡಿತು. ಅವನು ತನ್ನ ಬಾಯಿಂದಲೇ ಒಪ್ಪಿಕೊಂಡ ಆಯುಧವಾಯಿತು ಅದು. ಅವನ ಶಾಶ್ವತ ವಾಸದ ಅರ್ಜಿ ಇಲಾಖೆಯ ಮೇಜಿನ ಮೇಲಿತ್ತು.

ಮಧ್ಯಾಹ್ನ ಲಿಂಗರಾಜನನ್ನು ಠಾಣೆಗೆ ಕರೆಸಿದರು. ಭೂಮಿ ತಾನೂ ಬರುತ್ತೇನೆಂದು ಹಟ ಹಿಡಿದು ಬಂದು ಹೊರಗೆ ಕುಳಿತಳು. ವಿಚಾರಣೆಯ ಅಧಿಕಾರಿ ನಡುವಯಸ್ಸಿನ ಹೆಂಗಸು, ಮೊದಲು ಕಾಫಿ ಕೊಟ್ಟಳು.

"ಬೋಲ್ಟನ್ನು ಎಲ್ಲಿಟ್ಟಿದ್ದಿರಿ?" ಎಂದು ಸ್ವೀಡಿಷ್‌ನಲ್ಲಿ ಕೇಳಿದಳು.

ಬೀಗ ಹಾಕಿದ ಪೆಟ್ಟಿಗೆಯಲ್ಲಿ ಎಂದುಬಿಟ್ಟರೆ ಲೈಸೆನ್ಸ್ ಉಳಿದೀತು, ರೈಫಲ್ ಮಗಳ ಜೊತೆ ಊರು ಸೇರೀತು. ಆದರೆ ಬೀಗ ಹಾಕಿದ್ದನ್ನು ಯಾರೋ ಬೇಕೆಂದೇ ತೆಗೆದರು ಎಂದಾಗುತ್ತದೆ, ಆ ಯಾರೋ ಗೋಪೀನಾಥನಾಗುತ್ತಾನೆ. ಗಾಜಿನ ಬಾಗಿಲಾಚೆ ಭೂಮಿ ತನ್ನ ಜಾಕೆಟ್ಟನ್ನು ಎರಡೂ ಕೈಯಲ್ಲಿ ಹಿಂಡುತ್ತ ಕುಳಿತಿದ್ದಳು. ಲಿಂಗರಾಜನಿಗೆ ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು. ಅದನ್ನು ನುಂಗಲು ಅವನಿಗೆ ಆ ಕಾಫಿಯಷ್ಟೂ ಬೇಕಾಯಿತು.

"ಅಡುಗೆಮನೆಯಲ್ಲಿ. ಬಿಸ್ಕತ್ ಡಬ್ಬಿಯಲ್ಲಿ," ಎಂದ. "ನನ್ನ ಸ್ನೇಹಿತನಿಗೆ ಏನೂ ಗೊತ್ತಿಲ್ಲ."

ಅಧಿಕಾರಿ ಅವನ ಮುಖವನ್ನೇ ನೋಡಿದಳು. ನಗಲಿಲ್ಲ, ಅದೊಂದು ಪುಣ್ಯ.

ಆಯುಧವನ್ನು ನಿರ್ಲಕ್ಷ್ಯದಿಂದ ಇಟ್ಟದ್ದಕ್ಕೆ ಅವನ ಲೈಸೆನ್ಸ್ ರದ್ದಾಯಿತು. ಲೈಸೆನ್ಸ್ ಹೋದ ಮೇಲೆ ಸಾಗಿಸುವ ಅನುಮತಿಯೂ ಹೋಯಿತು, ತಿಂಗಳುಗಟ್ಟಲೆ ಕೂಡಿಸಿದ ಕಾಗದಗಳೆಲ್ಲ ರದ್ದಿ. ಗೋಪೀನಾಥನನ್ನು ಬಿಟ್ಟರು. ಬಿಡುವಷ್ಟರಲ್ಲಿ ಕುಂದಾಪುರದಲ್ಲಿ ಅವನಿಲ್ಲದೆ ತಂಗಿಯ ಧಾರೆ ಮುಗಿದಿತ್ತು. ಶಾಶ್ವತ ವಾಸದ ಅರ್ಜಿ ಹೆಚ್ಚಿನ ಪರಿಶೀಲನೆಗೆ ಹೋಯಿತು ಎಂದು ಯಾರೋ ಹೇಳಿದರು. ಲಿಂಗರಾಜ ಅವನ ಮನೆಗೆ ಹೋಗಿ ಹೊಸ್ತಿಲಲ್ಲೇ ನಿಂತು ಕೈಮುಗಿದ.

"ಒಂದು ಮಾತು ಹೇಳ್ಬೇಕಿತ್ತಲ್ಲ ಮಾರಾಯ," ಎಂದ ಗೋಪೀನಾಥ. ಬೈಯಲಿಲ್ಲ. ಒಳಗೆ ಬಾ ಎಂದೂ ಅನ್ನಲಿಲ್ಲ.

ರೈಫಲನ್ನು ಕ್ಲಬ್ಬಿಗೆ ವರ್ಗಾಯಿಸಲು ಪೊಲೀಸರು ಒಪ್ಪಿದರು. ಕ್ಲಬ್ಬಿನ ಮುದುಕರಲ್ಲೊಬ್ಬನಾದ ಲೆನ್ನಾರ್ಟ್ ಅದನ್ನೂ ಬೋಲ್ಟನ್ನೂ ಬಿಡಿಸಿ ತಂದು, ಹೊರಡುವ ಮುಂಚೆ ಒಮ್ಮೆ ಬಾ ಎಂದು ಭೂಮಿಯನ್ನು ಕರೆದ. ಕೊನೆಯ ಸಲ ಹೊಡೆಯಲು ಕರೆದಿದ್ದಾನೆಂದು ಲಿಂಗರಾಜ ಅಂದುಕೊಂಡ. ಅಲ್ಲಿ ತೂವಾ ಎಂಬ ಹುಡುಗಿ ನಿಂತಿದ್ದಳು. ಇನ್ನು ಮೇಲೆ ಆ ರೈಫಲ್ ಅವಳ ಅಭ್ಯಾಸಕ್ಕೆ. ಹೊಂದಿಸಿಕೊಡಲು ಭೂಮಿಗಿಂತ ಚೆನ್ನಾಗಿ ಯಾರಿಗೆ ಗೊತ್ತು ಎಂದ ಲೆನ್ನಾರ್ಟ್. ಒಳ್ಳೆಯ ಮನುಷ್ಯ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ.

ಭೂಮಿ ರೈಫಲನ್ನು ಕೈಗೆತ್ತಿಕೊಂಡಳು. ಆಮೇಲೆ ನೆಲಕ್ಕೆ ಕೂತು ತಿರುಪು ಸಡಿಲಿಸಿದಳು. ಕೆನ್ನೆ ತಾಗುವ ಹಲಗೆಯನ್ನು ಇಳಿಸಿದಳು. ಭುಜಕ್ಕೆ ಒತ್ತುವ ತಟ್ಟೆಯನ್ನು ಒಳಕ್ಕೆ ಸರಿಸಿದಳು, ತೂವಾ ಗಿಡ್ಡ. ತಾನು ಬೆಳೆದಂತೆಲ್ಲ ಕೂದಲೆಳೆಯಷ್ಟು ಕೂದಲೆಳೆಯಷ್ಟು ಸರಿಸಿ ಕೂರಿಸಿಕೊಂಡ ಅಳತೆಗಳನ್ನೆಲ್ಲ ತನ್ನ ಕೈಯಿಂದಲೇ ಬಿಚ್ಚಿ, ಇನ್ನೊಬ್ಬಳ ಮೈಗೆ ಕೂರಿಸಿದಳು. ತೂವಾ ಮಲಗಿ ಹೊಡೆದಳು. ಹತ್ತಕ್ಕೆ ಎಂಟು ಬಿತ್ತು. ಭೂಮಿ ಬಗ್ಗಿ ಹಲಗೆಯನ್ನು ಇನ್ನೂ ತುಸು ಇಳಿಸಿದಳು. ತೂವಾ ಮತ್ತೆ ಹೊಡೆದಳು. ಹತ್ತು.

"ಬ್ರಾ," ಎಂದಳು ಭೂಮಿ. ಚೆನ್ನಾಗಿದೆ ಎಂದರ್ಥ.

ಲಿಂಗರಾಜನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊರಗೆ ಬಂದು ಗೋಡೆಗೆ ಹಣೆ ಒತ್ತಿ ಅತ್ತ.

ಮೆಟ್ರೋದಲ್ಲಿ ಅಪ್ಪ ಮಗಳು ಅಕ್ಕಪಕ್ಕ ಕುಳಿತರು. ಎರಡು ನಿಲ್ದಾಣ ಕಳೆದ ಮೇಲೆ ಅವನು ಬಾಯಿಬಿಟ್ಟ.

"ಪುಟ್ಟಾ, ಶಂಕರ ಮಾಮ ಬೆಂಗ್ಳೂರಲ್ಲಿ ಒಂದು ರೇಂಜ್ ನೋಡಿದಾನಂತೆ. ಹೋದ ತಕ್ಷಣ ನಿಂಗೆ ಹೊಸ ರೈಫಲ್…"

"ಬೇಡ ಪಪ್ಪಾ," ಎಂದಳು ಭೂಮಿ. ಇಂಗ್ಲಿಷ್ ಬಿಟ್ಟು ಕನ್ನಡದಲ್ಲಿ, ಒಂದೊಂದೇ ಪದ ಜೋಡಿಸಿ ಹೇಳಿದಳು. "ಇನ್ಮೇಲೆ ನಂಗೆ ಏನೂ ಪ್ರಾಮಿಸ್ ಮಾಡ್ಬೇಡ."

ಕೋಪದಲ್ಲಿ ಹೇಳಿದ್ದರೆ ಅವನು ಸಮಾಧಾನ ಮಾಡುತ್ತಿದ್ದ. ಅವಳಿಗೆ ಕೋಪವಿರಲಿಲ್ಲ. ಬರುವ ನಿಲ್ದಾಣದ ಹೆಸರು ಹೇಳುವಷ್ಟೇ ಸಲೀಸಾಗಿ ಹೇಳಿ ಕಿಟಕಿಯ ಕಡೆ ತಿರುಗಿದಳು. ಮಾತು ಕೊಡುವುದೊಂದನ್ನು ಬಿಟ್ಟು ಮಗಳಿಗೆ ಕೊಡಲು ಲಿಂಗರಾಜನ ಬಳಿ ಬೇರೇನೂ ಉಳಿದಿರಲಿಲ್ಲ.

"ಆಯ್ತು," ಎಂದ.