ನೀರಿನೊಳಗಿಂದ ಕಂಡ ಮುಖ

ಪರೀಕ್ಷಕ ಸಾಹೇಬರು ನಗುವ ಜಾತಿಯವರಲ್ಲ. ಗಾಜಿನ ಆಚೆ ಕೂತಿದ್ದ ಅಣ್ಣನ ತಲೆಗೆ ಹೆಲ್ಮೆಟ್ ತೊಡಿಸಿ ಬಂದವರು ನನ್ನತ್ತ ತಿರುಗಿ, "ನೀವು ಬಾಯಿ ಬಿಟ್ರೆ ಪರೀಕ್ಷೆ ರದ್ದು" ಎಂದರು. ನನ್ನ ಬಾಯಿಯ ಕೀರ್ತಿ ಅವರವರೆಗೂ ಮುಟ್ಟಿತ್ತೆಂದು ಕಾಣುತ್ತದೆ. ಮನೆಯಲ್ಲಿ ನನ್ನನ್ನು ಮೆಣಸಿನಕಾಯಿ ಎಂದು ಕರೆಯುತ್ತಿದ್ದದ್ದು ಸುಮ್ಮಸುಮ್ಮನೆ ಅಲ್ಲ.

ಕಂಪನಿ ಕಟ್ಟಿದ ಮಾಯಾಲೋಕಗಳನ್ನು ಗಿರಾಕಿಗಳಿಗಿಂತ ಮೊದಲು ಹೊಕ್ಕು, ಎಲ್ಲಿ ಗೋಡೆ ಬಿರುಕು ಬಿಟ್ಟಿದೆ, ಎಲ್ಲಿ ನೆಲವೇ ಇಲ್ಲ ಎಂದು ನೋಡಿ ಹೇಳುವುದು ಅಣ್ಣನ ಕೆಲಸ. ಒಂದು ದಿನ ಅವನ ಹೆಲ್ಮೆಟ್ಟಿನೊಳಗೇ ಕಿಡಿ ಹಾರಿತು. ಜೀವ ಉಳಿಯಿತು, ಬಾಲ್ಯವೆಲ್ಲ ಸುಟ್ಟುಹೋಯಿತು. ಮಾತು ಬರುತ್ತಿತ್ತು, ಕೆಲಸ ಬರುತ್ತಿತ್ತು, ಎದುರಿಗೆ ನಿಂತ ತಂಗಿ ಯಾರೆಂದು ಮಾತ್ರ ತಿಳಿಯುತ್ತಿರಲಿಲ್ಲ. ಕ್ಷಮೆ ಕೇಳಬೇಕಾದ ಕಂಪನಿ ಕಾನೂನು ಹೇಳಲು ಬಂತು. ಇಷ್ಟು ನೆನಪು ಕಳೆದುಕೊಂಡವನು ಹಳೆಯ ಮನುಷ್ಯನೇ ಎಂದು ಈ ಪರೀಕ್ಷೆಯಲ್ಲಿ ಸಾಬೀತಾಗಬೇಕಂತೆ. ಆಗದಿದ್ದರೆ ಅವನು ಖಾಲಿ ದೇಹ, ಕಂಪನಿಯ ಸ್ವತ್ತು. ದುಡ್ಡಿರುವ ಮುದುಕರ ಮನಸ್ಸನ್ನು ಅದರೊಳಗೆ ಇಳಿಸಿ ಬಾಡಿಗೆಗೆ ಬಿಡುತ್ತಾರೆ. ನನ್ನ ಅಣ್ಣನ ಕಣ್ಣಿನಿಂದ ಯಾವನೋ ನನ್ನನ್ನು ನೋಡುವುದು!

ನಾನು ನೆನಪು ಹೊಲಿಯುವವಳು. ಹರಿದ ನೆನಪುಗಳಿಗೆ ತೇಪೆ ಹಾಕಿ ಹೊಟ್ಟೆ ಹೊರೆಯುತ್ತೇನೆ. ನಮ್ಮ ಕಸುಬಿನಲ್ಲಿ ನಕಲು ತೆಗೆಯುವ ಮಾತಿಲ್ಲ. ಒಬ್ಬರ ತಲೆಯಿಂದ ಕಿತ್ತೇ ಇನ್ನೊಬ್ಬರ ತಲೆಗೆ ಹಾಕಬೇಕು. ಕೊಟ್ಟವರಿಗೆ ಉಳಿಯುವುದು ಬರೀ ಸುದ್ದಿ. ಇನ್ನೊಂದು ನಿಯಮ ಇದೆ, ಕೆಲಸಕ್ಕೆ ಸೇರಿದ ಕೂಡಲೇ ಹೇಳಿಕೊಡುತ್ತಾರೆ. ನೆನಪು ಪಡೆಯುವವನ ಮುಖ ಆ ನೆನಪಿನಲ್ಲಿದ್ದರೆ ಒರೆಸಿಬಿಡಬೇಕು. ತನ್ನ ಮುಖ ತಾನೇ ಎದುರಿನಿಂದ ಕಂಡವರಿಲ್ಲ; ಕಂಡರೆ ಅನುಮಾನ ಹುಟ್ಟಿ ಹೊಲಿಗೆ ಬಿಚ್ಚಿಕೊಳ್ಳುತ್ತದೆ.

ಅಪ್ಪ ಅಮ್ಮ ತೀರಿಹೋಗಿದ್ದರು. ಅಣ್ಣನ ಬಾಲ್ಯ ಇದ್ದದ್ದು ನನ್ನ ತಲೆಯಲ್ಲಿ ಮಾತ್ರ. ಕಂಪನಿಗೆ ಗೊತ್ತಾಗದಂತೆ, ಅವನು ನಿದ್ದೆಯಲ್ಲಿದ್ದಾಗ, ಕಿತ್ತು ಅವನಿಗೆ ಕೊಟ್ಟೆ. ಮೆಟ್ಟಿಲ ಮೇಲಿನ ಜಗಳ, ಒಂದೇ ಕೊಡೆಯಲ್ಲಿ ಶಾಲೆಗೆ ಹೋದದ್ದು, ಅಮ್ಮನ ಮೇಜಿನ ಕೆಳಗೆ ನಾವು ಕಟ್ಟಿಕೊಂಡ ಮನೆ: ಇವೆಲ್ಲ ಈಗ ನನಗೆ ಯಾರೋ ಹೇಳಿದ ಮಾತಿನಂತೆ. ಎಲ್ಲದರಿಂದಲೂ ಅವನ ಮುಖ ಒರೆಸಿ ನನ್ನದನ್ನು ಕೂರಿಸಿದೆ. ಕೊನೆಗೆ ಉಳಿದದ್ದು ಈಜುಕೊಳದ್ದು. ನಾನು ಮುಳುಗುತ್ತಿದ್ದೆ, ಅಣ್ಣ ದಡದಿಂದ ಬಗ್ಗಿ ನನ್ನ ಕೈ ಹಿಡಿದ. ಆ ಮುಖದಲ್ಲಿ ಏನಿತ್ತೋ ಈಗ ನನಗೆ ತಿಳಿಯದು. ಒರೆಸಲು ಮನಸ್ಸು ಬರಲಿಲ್ಲ ಎನ್ನುವುದಷ್ಟೇ ಗೊತ್ತು. ಹಾಗೇ ಬಿಟ್ಟು ಹೊಲಿದುಬಿಟ್ಟೆ.

ಸಾಹೇಬರು ಗುಂಡಿ ಒತ್ತಿದರು. ಪರದೆಯ ಮೇಲೆ ಮೂಡಿದ್ದು ಈಜುಕೊಳ. ನೀಲಿ ಟೈಲ್ಸು, ತುಕ್ಕು ಹಿಡಿದ ಏಣಿ, ಅದರ ಪಕ್ಕದಲ್ಲಿ, ಆ ಮಾಯಾಲೋಕದೊಳಗೆ ನಿಂತ ಅಣ್ಣ.

"ಕೊಳದ ಹಳೇ ಕ್ಯಾಮೆರಾ ಚಿತ್ರ ನಮ್ಮ ಹತ್ರ ಇದೆ," ಎಂದರು ಸಾಹೇಬರು ಮೈಕಿನಲ್ಲಿ. "ಅವತ್ತು ಒಬ್ರು ನೀರಲ್ಲಿದ್ರು, ಒಬ್ರು ದಡದಲ್ಲಿದ್ರು. ನೀವೆಲ್ಲಿದ್ರೋ ಅಲ್ಲಿಗೆ ಹೋಗಿ."

ಅಣ್ಣ ಸೀದಾ ಏಣಿಯ ಕಡೆ ನಡೆದ. ಇನ್ನೇನು ಮಾಡಿಯಾನು? ಅವನ ತಲೆಯಲ್ಲಿ ಮುಳುಗಿದವನು ಅವನೇ. ಮೂಗಿಗೆ ನುಗ್ಗಿದ ನೀರು, ಉರಿದ ಎದೆ, ಎಲ್ಲ ನಾನೇ ಕೈಯಾರೆ ಹೊಲಿದದ್ದು. ಒಂದೊಂದೇ ಮೆಟ್ಟಿಲು ಇಳಿದು ಸೊಂಟದವರೆಗೆ ನೀರಿಗೆ ಹೋದ. ಸಾಹೇಬರ ಬೆರಳು ನಪಾಸು ಮಾಡುವ ಕೆಂಪು ಗುಂಡಿಯ ಮೇಲೆ ಬಂದು ನಿಂತಿತು. ನಾನು ತುಟಿ ಕಚ್ಚಿಕೊಂಡೆ. ಕೂಗಿದರೂ ಅವನನ್ನು ಕಳೆದುಕೊಳ್ಳುತ್ತೇನೆ, ಸುಮ್ಮನಿದ್ದರೂ ಕಳೆದುಕೊಳ್ಳುತ್ತೇನೆ.

ಅಣ್ಣ ತಟ್ಟನೆ ನಿಂತ. ಬಗ್ಗಿ ನೀರಿನಲ್ಲಿ ಅಲುಗಾಡುತ್ತಿದ್ದ ತನ್ನ ಪ್ರತಿಬಿಂಬವನ್ನೇ ನೋಡಿದ, ತುಂಬಾ ಹೊತ್ತು. ಆಮೇಲೆ ಏಣಿ ಹತ್ತಿ ಬಂದ. ದಡದ ಮೇಲೆ ಬೋರಲು ಮಲಗಿ, ತೋಳನ್ನು ಭುಜದವರೆಗೂ ನೀರಿಗೆ ಚಾಚಿ, ಮುಷ್ಟಿ ಬಿಗಿಹಿಡಿದ. ಆ ಮುಷ್ಟಿಯಲ್ಲಿ ಏನೂ ಇರಲಿಲ್ಲ, ಆದರೂ ಅವನ ತೋಳು ಭಾರಕ್ಕೆ ನಡುಗುತ್ತಿತ್ತು.

ಸಾಹೇಬರು ಬೆರಳು ತೆಗೆದರು. "ಅವರೇ ಇವರು," ಎಂದರು, ಚಹಾ ಆರಿಹೋಗಿದೆ ಎನ್ನುವ ಧ್ವನಿಯಲ್ಲಿ.

ಕಟ್ಟಡದಿಂದ ಹೊರಬಿದ್ದು ರಸ್ತೆ ಬದಿಗೆ ಬಂದಾಗ ಅಣ್ಣ ನನ್ನತ್ತ ತಿರುಗಿದ.

"ಏ ಮೆಣಸಿನಕಾಯಿ, ಅದು ನಿಂದು ಅಲ್ವಾ?"

"ಯಾವುದು?"

"ನಾಟಕ ಬೇಡ. ನಾನು ಮುಳುಗ್ತಾ ಇರ್ತೀನಿ, ಮೇಲೆ ಒಬ್ಬ ಹುಡುಗ ಕಾಣ್ತಾನೆ. ಬಿಕ್ಕಿಬಿಕ್ಕಿ ಅಳ್ತಿರ್ತಾನೆ, ಕೈ ಮಾತ್ರ ಬಿಡಲ್ಲ. ಯಾರಪ್ಪಾ ಇವನು ಅಂತ ದಿನಾ ತಲೆ ಕೆಡಿಸ್ಕೊಳ್ತಿದ್ದೆ. ಇವತ್ತು ನೀರಲ್ಲಿ ನನ್ನ ಮುಖ ನೋಡ್ದೆ. ಅದೇ ಮೂಗು, ಅದೇ ಆನೆ ಕಿವಿ."

"ಅವತ್ತು ನೀನು ಅಳ್ತಿದ್ಯಾ?" ಎಂದೆ.

ಅಣ್ಣ ನನ್ನನ್ನೇ ನೋಡಿದ. ಕೊಟ್ಟದ್ದು ನನ್ನಲ್ಲಿ ಉಳಿದಿಲ್ಲವೆಂದು ಅವನಿಗೆ ಆಗ ಅರ್ಥವಾಯಿತು.

"ಆ ಹುಡುಗ ನಾನೇನಾ ಅಂತ ಈಗ್ಲೂ ನಂಗೆ ಗೊತ್ತಿಲ್ಲ ಕಣೇ," ಎಂದ ಮೆಲ್ಲಗೆ. "ಆ ಸಾಹೇಬ್ರು ಹೇಳಿಬಿಟ್ರೆ ಆಯ್ತಾ? ಆದ್ರೆ ದಡದ ಮೇಲೆ ಅವನ ಜಾಗದಲ್ಲಿ ಯಾರೂ ಇರ್ಲಿಲ್ಲ. ಖಾಲಿ ಬಿಡೋಕೆ ಮನಸ್ಸು ಬರ್ಲಿಲ್ಲ."

ವಾಹನಗಳು ಬಿಡುವಿಲ್ಲದೆ ಹರಿಯುತ್ತಿದ್ದವು. ಅಣ್ಣ ನನ್ನ ಮಣಿಕಟ್ಟು ಹಿಡಿದುಕೊಂಡ.

"ಕೇಳು, ಮೊದಲಿಂದ ಹೇಳ್ತೀನಿ. ನಿಂಗೆ ನೀರು ಕಂಡ್ರೆ ಭಯ. ಆದ್ರೂ ಜಂಬ ಬೇರೆ..."

ನನ್ನ ಬಾಲ್ಯವನ್ನು ಅವನ ಬಾಯಿಂದ ಕೇಳುತ್ತಾ ರಸ್ತೆ ದಾಟಿದೆ. ಆಚೆ ಬದಿ ತಲುಪಿದ ಮೇಲೂ ಅವನು ಕೈ ಬಿಡಲಿಲ್ಲ.